ಹಳೆಯ ಗಣಕಯಂತ್ರಕ್ಕೆ ಹೊಸ ಸಂಗ್ರಹಸಾಧನ: ಬಯಾಸ್ ತಿದ್ದುಪಡಿಯ ವಿಚಾರ

ಗ್ರಾಮಾಂತರದ ಅನೇಕ ಪ್ರೌಢಶಾಲೆಗಳ ಗಣಕ ಕೊಠಡಿಗಳಲ್ಲಿ ಇಂದು ದುಡಿಯುತ್ತಿರುವ ಯಂತ್ರಗಳು ಮೊದಲ ಕೈಯವಲ್ಲ. ಬೆಂಗಳೂರಿನ ಕಚೇರಿಗಳು ನಾಲ್ಕಾರು ವರ್ಷ ಬಳಸಿ ಬಿಟ್ಟ ಯಂತ್ರಗಳು ಸದರ್ ಪತ್ರಪ್ಪ ರಸ್ತೆಯ, ಅಂದರೆ ಜನರ ಬಾಯಲ್ಲಿ ಎಸ್.ಪಿ. ರೋಡಿನ, ಅಂಗಡಿಗಳ ಮೂಲಕವೋ ಉದಾರಿಗಳಾದ ದಾನಿಗಳ ಮೂಲಕವೋ ಶಾಲೆಗಳನ್ನು ಸೇರುತ್ತವೆ. 2012ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ 7010 ಇಂತಹ ಯಂತ್ರಗಳಿಗೆ ಒಳ್ಳೆಯ ಉದಾಹರಣೆ. ಅದರ ಸಂಸ್ಕಾರಕ ಶಾಲೆಯ ಕೆಲಸಕ್ಕೆ ಇಂದಿಗೂ ಸಮರ್ಥವಾಗಿದೆ. ಮೆಮೊರಿಯನ್ನು ಹೆಚ್ಚಿಸಿಕೊಳ್ಳಲು ಅವಕಾಶವಿದೆ. ಹೊರಕವಚವಂತೂ ಇನ್ನೂ ಹತ್ತು ವರ್ಷ ಬಾಳುವಷ್ಟು ಗಟ್ಟಿ. ಸೋಲುವುದು ಹಾರ್ಡ್ ಡಿಸ್ಕ್ ಒಂದೇ. ವಿದ್ಯಾರ್ಥಿಯು ಗುಂಡಿಯನ್ನೊತ್ತಿ, ಪರದೆಯ ಮುಂದೆ ಐದು ನಿಮಿಷ ಕೈಕಟ್ಟಿ ಕುಳಿತು, ನಲವತ್ತು ನಿಮಿಷದ ಪಾಠದ ಅವಧಿಯಲ್ಲಿ ಎಂಟನೆಯ ಒಂದು ಪಾಲನ್ನು ಹೀಗೆ ಕಳೆಯುವುದನ್ನು ಕಂಡ ಆಡಳಿತ ಮಂಡಳಿಯವರು, ಈ ಯಂತ್ರಗಳು ಕೆಲಸಕ್ಕೆ ಬಾರವು, ಗುಜರಿಗೆ ಹಾಕೋಣವೆಂದು ನಿರ್ಣಯಿಸುವುದು ಸಹಜವೇ ಆಗಿದೆ.

ಆ ನಿರ್ಣಯಕ್ಕೆ ಬರುವ ಮುನ್ನ ತಿಳಿಯಬೇಕಾದ ಒಂದು ವಿಷಯವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಹೊಸ ಕಾಲದ ವೇಗದ ಸಂಗ್ರಹಸಾಧನವನ್ನು ಹಳೆಯ ಯಂತ್ರಕ್ಕೆ ಜೋಡಿಸಿದಾಗ, ಅನೇಕ ವೇಳೆ ಯಂತ್ರವು ಅದರಿಂದ ಆರಂಭವಾಗಲು ಒಪ್ಪುವುದಿಲ್ಲ. ಯಂತ್ರಕ್ಕೆ ಶಕ್ತಿ ಸಾಲದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದಕ್ಕೆ ಕೊರತೆಯಾಗಿರುವುದು ಸುಮಾರು 20 ಕಿಲೋಬೈಟ್ ಗಾತ್ರದ ಒಂದು ಪುಟ್ಟ ತಂತ್ರಾಂಶ ಮಾತ್ರ. ಅದನ್ನು ಸೇರಿಸಬಹುದೇ, ಸೇರಿಸಬೇಕೇ, ಸೇರಿಸಲು ಹೋಗಿ ಯಂತ್ರವನ್ನೇ ಕಳೆದುಕೊಳ್ಳುವ ಅಪಾಯವೆಷ್ಟು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಹಾರ್ಡ್ ಡಿಸ್ಕಿನ ನಿಧಾನದ ಕಾರಣವನ್ನು ತಿಳಿಯುವುದು ಒಳ್ಳೆಯದು. ಅದರೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕಷ್ಟೆ; ಅದಕ್ಕೆ 4.17 ಮಿಲಿಸೆಕೆಂಡು ಹಿಡಿಯಿತು. ಸೂಜಿಯನ್ನು ಹೊತ್ತ ತೋಳು ಒಂದು ವೃತ್ತದಿಂದ ಇನ್ನೊಂದು ವೃತ್ತಕ್ಕೆ ಸರಿಯಲು ಇದರ ಮೇಲೆ ಇನ್ನಷ್ಟು ಕಾಲ ಬೇಕು. ಹೀಗೆ ಒಂದು ಚೂರು ಮಾಹಿತಿಗೆ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಸಲ್ಲುತ್ತದೆ. ಯಂತ್ರ ಆರಂಭವಾಗುವಾಗ ಚದುರಿಬಿದ್ದ ಸಾವಿರಾರು ಚೂರುಗಳನ್ನು ಹೆಕ್ಕಬೇಕಾದುದರಿಂದ ನಿಮಿಷಗಳು ಉರುಳುತ್ತವೆ. ಎಸ್.ಎಸ್.ಡಿ. ಎಂಬ ಘನಸ್ಥಿತಿ ಸಾಧನದಲ್ಲಿ ತಟ್ಟೆಯಿಲ್ಲ, ತೋಳಿಲ್ಲ, ತಿರುಗುವುದೇನೂ ಇಲ್ಲ. ವಿದ್ಯುದಂಶಗಳನ್ನು ಹಿಡಿದಿಟ್ಟ ಚಿಪ್ಪುಗಳನ್ನು ನೇರವಾಗಿ ಓದುವುದರಿಂದ ಅದೇ ಚೂರು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ಕೈಗೆ ಬರುತ್ತದೆ.

ಎಸ್.ಎಸ್.ಡಿ.ಗಳಲ್ಲಿ ಎರಡು ಬಗೆ. ಮೊದಲನೆಯದು ಹಾರ್ಡ್ ಡಿಸ್ಕಿನ ಹಳೆಯ ಸಾಟಾ ತಂತಿಯಲ್ಲಿಯೇ ಬರುವಂಥದು. ಸಾಟಾದ ಮೂರನೆಯ ಆವೃತ್ತಿ ಸೆಕೆಂಡಿಗೆ ಹೆಚ್ಚೆಂದರೆ 600 ಮೆಗಾಬೈಟ್ ಸಾಗಿಸಬಲ್ಲದು. ಅದನ್ನು ಆಳುವ ಎ.ಎಚ್.ಸಿ.ಐ. ನಿಯಮಾವಳಿಯು ತಿರುಗುವ ತಟ್ಟೆಗಳ ಕಾಲದ್ದು. ಒಂದೇ ಸರದಿ ಸಾಲು, ಆ ಸಾಲಿನಲ್ಲಿ 32 ಅಪ್ಪಣೆಗಳಿಗೆ ಮಾತ್ರ ಜಾಗ. ಎರಡನೆಯ ಬಗೆ ಎನ್.ವಿ.ಎಂ.ಇ. ಈ ನಿಯಮಾವಳಿಯ ಮೊದಲ ಆವೃತ್ತಿ 2011ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ಇಲ್ಲಿ ಸಾಧನವು ಸಾಟಾ ತಂತಿಯನ್ನು ತೊರೆದು, ಸಂಸ್ಕಾರಕದೊಡನೆ ನೇರ ಸಂಬಂಧವುಳ್ಳ ಪಿ.ಸಿ.ಐ. ಎಕ್ಸ್‌ಪ್ರೆಸ್ ಹಾದಿಯಲ್ಲಿ ಕೂರುತ್ತದೆ. ಸರದಿ ಸಾಲುಗಳು 65,535ರವರೆಗೆ, ಒಂದೊಂದರಲ್ಲಿ 65,536 ಅಪ್ಪಣೆಗಳವರೆಗೆ ಇರಬಹುದು. ಅಂಗಡಿಗಳಲ್ಲಿ ಕಾಣುವ ಎಂ.2 ಎಂಬ ಉದ್ದನೆಯ ಪುಟ್ಟ ಪಟ್ಟಿಗಳಲ್ಲಿ ಹೆಚ್ಚಿನವು ಇವೇ. ಎಂ.2 ಎಂಬುದು ಆಕಾರದ ಹೆಸರು, ಎನ್.ವಿ.ಎಂ.ಇ. ಎಂಬುದು ಭಾಷೆಯ ಹೆಸರು, ಎಂ.2 ಆಕಾರದಲ್ಲಿ ಸಾಟಾ ಭಾಷೆಯನ್ನಾಡುವ ಪಟ್ಟಿಗಳೂ ಉಂಟು. ಕೊಳ್ಳುವಾಗ ಇದನ್ನು ಕೇಳಿ ತಿಳಿಯದವರು ಮೋಸಹೋಗುತ್ತಾರೆ.

ಹಳೆಯ ಯಂತ್ರದಲ್ಲಿ ಎಂ.2 ಗೂಡು ಇರುವುದಿಲ್ಲ. ಆದರೆ ಪಿ.ಸಿ.ಐ. ಎಕ್ಸ್‌ಪ್ರೆಸ್ ಗೂಡಿರುತ್ತದೆ, ಕೆಲವು ನೂರು ರೂಪಾಯಿಗೆ ದೊರೆಯುವ ಪರಿವರ್ತಕ ಕಾರ್ಡಿನಲ್ಲಿ ಪಟ್ಟಿಯನ್ನು ಕೂರಿಸಿ ಆ ಗೂಡಿಗೆ ಸಿಕ್ಕಿಸಬಹುದು. ಎರಡನೆಯ ತಲೆಮಾರಿನ ಹಾದಿಯಾದರೆ ಒಂದು ಹಾದಿಗೆ ಸೆಕೆಂಡಿಗೆ 500 ಮೆಗಾಬೈಟ್, ನಾಲ್ಕು ಹಾದಿಗೆ 2000. ಮೂರನೆಯ ತಲೆಮಾರಿನದಾದರೆ ಇದು ಹೆಚ್ಚುಕಡಿಮೆ ಇಮ್ಮಡಿ. ತಂತಿ, ಗೂಡು, ವೇಗ ಎಲ್ಲವೂ ಇವೆ. ಆಪರೇಟಿಂಗ್ ಸಿಸ್ಟಂ ಒಮ್ಮೆ ಬೇರೆ ಡಿಸ್ಕಿನಿಂದ ಏರಿ ಕುಳಿತ ಬಳಿಕ ಈ ಪಟ್ಟಿಯನ್ನು ಕಾಣುತ್ತದೆ, ಬಳಸುತ್ತದೆ. ಹಾಗಿದ್ದೂ ಈ ಪಟ್ಟಿಯಿಂದಲೇ ಆರಂಭವಾಗು ಎಂದರೆ ಯಂತ್ರ ಕಪ್ಪು ಪರದೆ ತೋರಿಸಿ ನಿಲ್ಲುತ್ತದೆ. ಏಕೆ?

ಇದಕ್ಕೆ ಉತ್ತರ ಮದರ್‌ಬೋರ್ಡಿನ ಮೇಲೆ ಎಂಟು ಕಾಲುಗಳನ್ನೂರಿ ಕುಳಿತ, ಕಡಲೆಬೇಳೆಯಷ್ಟು ಗಾತ್ರದ ಒಂದು ಚಿಪ್ಪಿನಲ್ಲಿದೆ. ವಿದ್ಯುತ್ತು ಹರಿದ ಕ್ಷಣದಲ್ಲಿ ಸಂಸ್ಕಾರಕಕ್ಕೆ ಡಿಸ್ಕ್ ಎಂದರೇನೆಂಬುದೇ ಗೊತ್ತಿರುವುದಿಲ್ಲ. ಮೆಮೊರಿ ಕೂಡ ಆಗ ಸಿದ್ಧವಾಗಿರುವುದಿಲ್ಲ. ಅದು ಮಾಡಬಲ್ಲುದು ಒಂದೇ: 4 ಗಿಗಾಬೈಟ್ ವಿಳಾಸದ ಗಡಿಗಿಂತ 16 ಬೈಟ್ ಕೆಳಗಿರುವ ನಿಯತ ಸ್ಥಾನಕ್ಕೆ ಹೋಗಿ ಅಲ್ಲಿ ಬರೆದಿರುವ ಅಪ್ಪಣೆಯನ್ನು ಪಾಲಿಸುವುದು. ಆ ಸ್ಥಾನದಲ್ಲಿ ಕಾಣಿಸಿಕೊಳ್ಳುವುದೇ ಈ ಚಿಪ್ಪಿನೊಳಗಿನ ಬರಹ. ಇದನ್ನು ಫರ್ಮ್‌ವೇರ್ ಎಂದೂ ರೂಢಿಯಲ್ಲಿ ಬಯಾಸ್ ಎಂದೂ ಕರೆಯುತ್ತಾರೆ. ಮೆಮೊರಿಯನ್ನು ಎಬ್ಬಿಸುವುದು, ಕೀಲಿಮಣೆಯನ್ನು ಗುರುತಿಸುವುದು, ಡಿಸ್ಕನ್ನು ಹುಡುಕಿ ಅದರ ಮೊದಲ ಪುಟವನ್ನು ಓದುವುದು, ಆಮೇಲೆ ಅಧಿಕಾರವನ್ನು ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುವುದು, ಇವೆಲ್ಲ ಇದರ ಕೆಲಸ.

ವಕ್ಕಲೇರಿಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನ ದೊರೆತದ್ದು ಇದೇ ಊರಿನಲ್ಲಿ. ಇತಿಹಾಸದ ಪುಸ್ತಕಗಳಲ್ಲಿ ಅದು ವಕ್ಕಲೇರಿ ಶಾಸನವೆಂದೇ ಪ್ರಸಿದ್ಧ. ಅಂತಹ ಶಾಸನಗಳಲ್ಲಿ ತಗಡುಗಳಿಗೆ ತೂತು ಕೊರೆದು, ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಸಂದಿಗೆ ರಾಜಮುದ್ರೆಯನ್ನು ಕೂರಿಸುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ತಗಡನ್ನು ತೆಗೆಯಲೂ ಆಗದು, ಹೊಸದೊಂದನ್ನು ಸೇರಿಸಲೂ ಆಗದು. ಬಯಾಸ್ ಚಿಪ್ಪು ಹೀಗೆಯೇ ಪೋಣಿಸಿದ ತಗಡುಗಳ ಕಟ್ಟು. ನಾವು ಮಾಡಹೊರಟಿರುವುದು ಆ ಕಟ್ಟಿಗೆ ಒಂದು ತಗಡನ್ನು ಸೇರಿಸುವ ಕೆಲಸ. ಮುದ್ರೆ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಅದರ ಸಾಧ್ಯಾಸಾಧ್ಯತೆ ನಿಂತಿದೆ.

ಮೊದಮೊದಲು ಈ ಬರಹ ಅಳಿಸಲಾರದ್ದೇ ಆಗಿತ್ತು. 1981ರ ಆಗಸ್ಟಿನಲ್ಲಿ ಹೊರಬಂದ ಐ.ಬಿ.ಎಂ. ಪಿ.ಸಿ.ಯಲ್ಲಿ ಬಯಾಸನ್ನು ಬದಲಿಸಬೇಕಾದರೆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಹಾಕಬೇಕಿತ್ತು. ಬೇರೆ ಬೇರೆ ಕಂಪನಿಗಳ ಮದರ್‌ಬೋರ್ಡಿಗೆ ಬಯಾಸ್ ಬರೆದುಕೊಡುವುದೇ ಒಂದು ಉದ್ಯಮವಾಯಿತು. 1985ರಲ್ಲಿ ಅಮೆರಿಕದಲ್ಲಿ ಸುಬ್ರಮಣಿಯನ್ ಶಂಕರ್ ಅವರು ಸ್ಥಾಪಕರಲ್ಲೊಬ್ಬರಾಗಿ ಆರಂಭಿಸಿದ ಅಮೆರಿಕನ್ ಮೆಗಾಟ್ರೆಂಡ್ಸ್ ಅಥವಾ ಎ.ಎಂ.ಐ. ಕಂಪನಿ ಅದರಲ್ಲಿ ಅಗ್ರಗಣ್ಯವಾಗಿ ಬೆಳೆದು ನೆರೆಯ ಚೆನ್ನೈಯಲ್ಲಿಯೂ ಕಚೇರಿಯನ್ನು ತೆರೆಯಿತು. ಯಂತ್ರವನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಎ.ಎಂ.ಐ. ಎಂಬ ಅಕ್ಷರಗಳನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಮುಂದೆ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲಾಶ್ ಚಿಪ್ಪು ಬಂದಿತು. ಅನುಕೂಲದ ಜೊತೆಗೆ ಅಪಾಯವೂ ಬಂದಿತು. 1998ರಲ್ಲಿ ಕಾಣಿಸಿಕೊಂಡು 1999ರ ಏಪ್ರಿಲ್ 26ರಂದು ಸಿಡಿದ ಸಿ.ಐ.ಎಚ್. ಎಂಬ ವೈರಸ್ಸು ಡಿಸ್ಕಿನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಅನೇಕ ಯಂತ್ರಗಳ ಬಯಾಸ್ ಚಿಪ್ಪಿನ ಮೇಲೂ ಕಸವನ್ನು ಬರೆದುಬಿಟ್ಟಿತು. ಆ ಯಂತ್ರಗಳು ಗುಂಡಿಯೊತ್ತಿದರೆ ಫ್ಯಾನು ತಿರುಗಿಸುವ ಪೆಟ್ಟಿಗೆಗಳಾದುವು. ಬಯಾಸಿನಲ್ಲಿ ಕೈಯಾಡಿಸುವ ಯಾರೇ ಆಗಲಿ ಈ ಘಟನೆಯನ್ನು ನೆನಪಿನಲ್ಲಿಟ್ಟಿರಬೇಕು.

ಹಳೆಯ ಬಯಾಸು ಹೊಸ ಡಿಸ್ಕನ್ನು ಅರಿಯದಿರುವುದು ಇಂದು ನಿನ್ನೆಯ ಸಮಸ್ಯೆಯಲ್ಲ. ಎಣಿಕೆಗೆ ಇಟ್ಟ ಸ್ಥಾನಗಳು ತುಂಬಿದಾಗಲೆಲ್ಲ ಇದು ತಲೆದೋರಿದೆ. ಹಳೆಯ ಬಯಾಸು ಮತ್ತು ಡಿಸ್ಕು ತಮ್ಮೊಳಗೆ ಒಪ್ಪಿಕೊಂಡ ಲೆಕ್ಕದಲ್ಲಿ 1024 ಸಿಲಿಂಡರು, 16 ತಲೆ, 63 ವಿಭಾಗ, ವಿಭಾಗಕ್ಕೆ 512 ಬೈಟ್. ಗುಣಿಸಿದರೆ 52,84,82,304 ಬೈಟ್. ಅದರಾಚೆ ಬಯಾಸಿಗೆ ಕುರುಡು. ವಿಳಾಸಕ್ಕೆ 28 ದ್ವಿಮಾನ ಸ್ಥಾನಗಳನ್ನು ಕೊಟ್ಟಾಗ ಗಡಿ ಸುಮಾರು 137 ಗಿಗಾಬೈಟಿಗೆ ಸರಿಯಿತು. ಡಿಸ್ಕಿನ ವಿಭಾಗಪಟ್ಟಿಯಲ್ಲಿ 32 ಸ್ಥಾನಗಳಿದ್ದಾಗ ಅದು 2.2 ಟೆರಾಬೈಟ್ ಆಯಿತು. ಗಣಿತದ ವಿದ್ಯಾರ್ಥಿಗಳು 2ರ ಘಾತಗಳನ್ನು 512ರಿಂದ ಗುಣಿಸಿ ಈ ಅಂಕಿಗಳನ್ನು ತಾವೇ ಪಡೆಯಬಹುದು. ಪ್ರತಿ ಸಲವೂ ಜನ ಉಪಾಯ ಹುಡುಕಿದರು. ಅವುಗಳಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಎಕ್ಸ್.ಟಿ.ಐ.ಡಿ.ಇ. ಯೂನಿವರ್ಸಲ್ ಬಯಾಸ್ ಎಂಬ ಮುಕ್ತ ತಂತ್ರಾಂಶ: ಅದನ್ನು ಒಂದು ಚಿಪ್ಪಿನಲ್ಲಿ ಬರೆದು ನೆಟ್‌ವರ್ಕ್ ಕಾರ್ಡಿನಲ್ಲಿ ಖಾಲಿಯಿರುವ ಚಿಪ್ಪಿನ ಗೂಡಿಗೆ ಸಿಕ್ಕಿಸಿದರೆ, 1980ರ ದಶಕದ ಪಿ.ಸಿ.ಯೂ ದೊಡ್ಡ ಡಿಸ್ಕನ್ನು ಗುರುತಿಸುತ್ತದೆ. ಮೂಲ ಬಯಾಸನ್ನು ಮುಟ್ಟಬೇಕಾಗಿಯೇ ಇಲ್ಲ.

ಈಗ ನಮ್ಮ ಕಾಲದ ವಿಷಯಕ್ಕೆ ಬರೋಣ. 2010ರ ನಂತರದ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಯು.ಇ.ಎಫ್.ಐ. ಎಂಬ ಹೊಸ ಮಾದರಿಯ ಫರ್ಮ್‌ವೇರ್ ಇದೆ. ಇದರ ರಚನೆ ಹಳೆಯ ಬಯಾಸಿಗಿಂತ ಬಹಳ ಶಿಸ್ತಿನದು. ಮೊದಲ ಹಂತದಲ್ಲಿ ಸಂಸ್ಕಾರಕವನ್ನು ಸ್ಥಿರಗೊಳಿಸುವುದು, ಎರಡನೆಯದರಲ್ಲಿ ಮೆಮೊರಿಯನ್ನು ಸಿದ್ಧಪಡಿಸುವುದು, ಮೂರನೆಯದರಲ್ಲಿ ಡ್ರೈವರುಗಳೆಂಬ ಚಾಲಕ ತಂತ್ರಾಂಶಗಳನ್ನು ಒಂದೊಂದಾಗಿ ಎಬ್ಬಿಸುವುದು, ನಾಲ್ಕನೆಯದರಲ್ಲಿ ಯಾವ ಸಾಧನದಿಂದ ಆರಂಭವಾಗಬೇಕೆಂದು ಆರಿಸುವುದು. ಮೂರನೆಯ ಹಂತವೇ ನಮಗೆ ಮುಖ್ಯವಾದುದು, ಇದನ್ನು ಡಿ.ಎಕ್ಸ್.ಇ. ಹಂತವೆನ್ನುತ್ತಾರೆ. ಸಾಟಾಗೊಂದು ಡ್ರೈವರು, ಯು.ಎಸ್.ಬಿ.ಗೊಂದು ಡ್ರೈವರು, ನೆಟ್‌ವರ್ಕಿಗೊಂದು, ಹೀಗೆ ಹತ್ತಾರು ತಗಡುಗಳು ಅಲ್ಲಿವೆ. ಪ್ರತಿಯೊಂದಕ್ಕೂ 128 ದ್ವಿಮಾನ ಸ್ಥಾನಗಳ ಒಂದು ಗುರುತುಸಂಖ್ಯೆ, ಜೊತೆಗೆ ತಪ್ಪು ನುಸುಳದಂತೆ ತಾಳೆ ನೋಡುವ ಒಂದು ಮೊತ್ತ. 2012ರ ಯಂತ್ರ ತಯಾರಾದಾಗ ಎನ್.ವಿ.ಎಂ.ಇ. ಸಾಧನಗಳು ಜನಸಾಮಾನ್ಯರ ಅಂಗಡಿಗೆ ಬಂದಿರಲೇ ಇಲ್ಲ. ಆದಕಾರಣ ಆ ತಗಡನ್ನು ಪೋಣಿಸಿರಲಿಲ್ಲ. ಇಂಟೆಲ್ ಕಂಪನಿಯ 9ನೆಯ ಸರಣಿಯ ಚಿಪ್‌ಸೆಟ್ಟುಗಳಿರುವ 2014ರ ಮದರ್‌ಬೋರ್ಡುಗಳಿಂದ ಇದು ತಯಾರಕರಿಂದಲೇ ಬರತೊಡಗಿತು. ಹಳೆಯ ಮಾದರಿಗಳಿಗೆ ಹಿಂದಿರುಗಿ ಅದನ್ನು ಒದಗಿಸಲು ತಯಾರಕರಿಗೆ ಆಸಕ್ತಿ ಇರಲಿಲ್ಲವೆಂಬುದು ಸ್ಪಷ್ಟ. ಹೊಸ ಯಂತ್ರ ಮಾರುವವನಿಗೆ ಹಳೆಯದನ್ನು ಚಿರಾಯುವಾಗಿಸುವ ಅವಸರವೇನು?

ಅದೃಷ್ಟವಶಾತ್ ಬೇಕಾದ ತಗಡು ಗುಟ್ಟಿನದಲ್ಲ. ಯು.ಇ.ಎಫ್.ಐ.ನ ಮಾದರಿ ಅನುಷ್ಠಾನವಾದ ಇ.ಡಿ.ಕೆ. 2 ಎಂಬ ತಂತ್ರಾಂಶ ಟಿಯಾನೊಕೋರ್ ಸಮುದಾಯದ ಮೂಲಕ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ. ಅದರಲ್ಲಿ ಎನ್.ವಿ.ಎಂ. ಎಕ್ಸ್‌ಪ್ರೆಸ್ ಡಿ.ಎಕ್ಸ್.ಇ. ಎಂಬ ಡ್ರೈವರಿನ ಮೂಲಬರಹವನ್ನು ಯಾರಾದರೂ ಓದಬಹುದು. ಸಾಧನವನ್ನು ಗುರುತಿಸಿ, ಸರದಿ ಸಾಲುಗಳನ್ನು ಕಟ್ಟಿ, ಇಂತಿಷ್ಟನೆಯ ಖಂಡವನ್ನು ಓದಿ ಕೊಡು ಎಂದು ಕೇಳಿದಾಗ ಕೊಡುವುದಷ್ಟೆ ಅದರ ಕರ್ತವ್ಯ. ಉಳಿದ ಫರ್ಮ್‌ವೇರಿಗೆ ಅಷ್ಟೇ ಸಾಕು. ಖಂಡ ಓದಲು ಬಂದರೆ ಅದು ಡಿಸ್ಕು, ಡಿಸ್ಕಾದರೆ ಅದರಿಂದ ಆರಂಭವಾಗಬಹುದು.

ಇನ್ನು ಸೇರಿಸುವ ಕ್ರಮ. ಯಂತ್ರದ ಚಿಪ್ಪಿನಲ್ಲಿ ಈಗಿರುವ ಬರಹವನ್ನು ಮೊದಲು ಯಥಾವತ್ತಾಗಿ ಪ್ರತಿಮಾಡಿಕೊಳ್ಳಬೇಕು. ಇದು ಇಡೀ ಕೆಲಸದ ಪ್ರಾಣ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಟೆಲ್ ಯಂತ್ರಗಳ ಚಿಪ್ಪಿನಲ್ಲಿ ಬಯಾಸಿನ ಭಾಗವಲ್ಲದೆ, ಹಂಚಿಕೆಯನ್ನು ವಿವರಿಸುವ ಭಾಗ, ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಒಳಸಂಸ್ಕಾರಕದ ಭಾಗ, ನೆಟ್‌ವರ್ಕಿನ ವಿಳಾಸವುಳ್ಳ ಭಾಗ ಇವೆ. ಯಂತ್ರದ ಕ್ರಮಸಂಖ್ಯೆಯೂ, ಕೆಲವು ಯಂತ್ರಗಳಲ್ಲಿ ವಿಂಡೋಸಿನ ಪರವಾನಗಿ ಸಂಖ್ಯೆಯೂ ಇಲ್ಲಿಯೇ ಇರುತ್ತವೆ. ಪಕ್ಕದ ಮೇಜಿನ ಯಂತ್ರ ಅದೇ ಮಾದರಿಯದೆಂದು ಅದರ ಪ್ರತಿಯನ್ನು ಇದಕ್ಕೆ ಬರೆದರೆ ಎರಡು ಯಂತ್ರಗಳಿಗೂ ಒಂದೇ ನೆಟ್‌ವರ್ಕ್ ವಿಳಾಸವಾಗಿ, ಒಂದೇ ಮನೆಸಂಖ್ಯೆಯ ಎರಡು ಮನೆಗಳಿಗೆ ಅಂಚೆಯವನು ಹೋದಂತಾಗುತ್ತದೆ. ಹತ್ತು ಯಂತ್ರಗಳಿದ್ದರೆ ಹತ್ತು ಪ್ರತಿಗಳನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಪ್ರತಿಯೊಂದನ್ನೂ ಕನಿಷ್ಠ ಎರಡು ಬಾರಿ ಓದಿ, ಎರಡೂ ಅಕ್ಷರಶಃ ಒಂದೇ ಎಂದು ತಾಳೆಮೊತ್ತದಿಂದ ಖಚಿತಪಡಿಸಿಕೊಳ್ಳಬೇಕು. ಎರಡು ಓದುಗಳು ಹೊಂದದಿದ್ದರೆ ಹಿಡಿಕೆ ಸರಿಯಾಗಿ ಕೂತಿಲ್ಲವೆಂದರ್ಥ. ಬರೆಯುವ ಮಾತೇ ಬೇಡ.

ಓದಲು ಎರಡು ದಾರಿಗಳಿವೆ. ಯಂತ್ರದೊಳಗಿನಿಂದಲೇ ಫ್ಲಾಶ್‌ರಾಮ್ ಎಂಬ ಮುಕ್ತ ತಂತ್ರಾಂಶದ ಮೂಲಕ ಓದುವುದು ಒಂದು. ತಯಾರಕರು ಸಾಮಾನ್ಯವಾಗಿ ಇದಕ್ಕೆ ಬೀಗ ಹಾಕಿರುತ್ತಾರೆ. ಆಪ್ಟಿಪ್ಲೆಕ್ಸ್ 7010 ಮತ್ತು ಅದರ ಅಣ್ಣನಾದ 9010ರಲ್ಲಿ ಮದರ್‌ಬೋರ್ಡಿನ ಮೇಲೆ ಸರ್ವಿಸ್ ಮೋಡ್ ಎಂಬ ಎರಡು ಸೂಜಿಗಳಿದ್ದು, ಒಂದು ಜಂಪರಿನಿಂದ ಅವನ್ನು ಕೂಡಿಸಿದರೆ ಹಂಚಿಕೆಯ ಬೀಗ ತೆರೆಯುತ್ತದೆ. ಇವುಗಳಲ್ಲಿ ಬರಹವು 8 ಮೆಗಾಬೈಟಿನ ಒಂದು ಹಾಗೂ 4 ಮೆಗಾಬೈಟಿನ ಒಂದು, ಹೀಗೆ ಎರಡು ಚಿಪ್ಪುಗಳಲ್ಲಿ ಹಂಚಿಕೊಂಡಿದೆಯೆಂಬುದನ್ನೂ ನೆನಪಿಡಬೇಕು. ಇನ್ನೊಂದು ದಾರಿ, ಸಿ.ಎಚ್. 341 ಎ ಎಂಬ ಅಗ್ಗದ ಪ್ರೋಗ್ರಾಮರ್ ಸಾಧನವನ್ನು ಬೇರೊಂದು ಗಣಕಕ್ಕೆ ಜೋಡಿಸಿ, ಹಿಡಿಕೆಯಿಂದ ಚಿಪ್ಪಿನ ಎಂಟು ಕಾಲುಗಳನ್ನು ಕಚ್ಚಿ ಓದುವುದು. ಆಗ ಮುಖ್ಯ ವಿದ್ಯುತ್ ತಂತಿಯನ್ನೂ ಮದರ್‌ಬೋರ್ಡಿನ ನಾಣ್ಯಾಕಾರದ ಬ್ಯಾಟರಿಯನ್ನೂ ತೆಗೆದಿರಬೇಕು. ಈ ಅಗ್ಗದ ಸಾಧನಗಳಲ್ಲಿ ಬಹುವಾಗಿ ಮಾರಾಟವಾಗುವ ಕಪ್ಪು ಹಲಗೆಯದರಲ್ಲಿ ಒಂದು ದೋಷವುಂಟು: ಚಿಪ್ಪಿಗೆ 3.3 ವೋಲ್ಟ್ ಪೂರೈಸಿದರೂ ಸಂಕೇತದ ಕಾಲುಗಳಲ್ಲಿ 5 ವೋಲ್ಟ್ ಹರಿಸುತ್ತದೆ. ಹೆಚ್ಚಿನ ಚಿಪ್ಪುಗಳು ತಾಳಿಕೊಂಡಾವು. ಎಲ್ಲವೂ ತಾಳಿಕೊಳ್ಳುವುವೆಂಬ ಭರವಸೆಯಿಲ್ಲ. ಕೆಲವು ಲ್ಯಾಪ್‌ಟಾಪುಗಳ ಚಿಪ್ಪುಗಳಂತೂ 1.8 ವೋಲ್ಟಿನವು. ಮಲ್ಟಿಮೀಟರಿನಿಂದ ಅಳೆಯದೆ, ಚಿಪ್ಪಿನ ಮೇಲಿನ ಸಂಖ್ಯೆಯನ್ನು ಭೂತಗಾಜಿನಿಂದ ಓದದೆ ಹಿಡಿಕೆಯನ್ನು ಕಚ್ಚಿಸುವುದು ಅವಿವೇಕ.

ಪ್ರತಿ ದೊರೆತ ಮೇಲೆ ಅದನ್ನು ಯು.ಇ.ಎಫ್.ಐ. ಟೂಲ್ ಎಂಬ ತಂತ್ರಾಂಶದಲ್ಲಿ ತೆರೆದರೆ ತಗಡುಗಳ ಪಟ್ಟಿ ಮರದ ಕೊಂಬೆಗಳಂತೆ ಬಿಚ್ಚಿಕೊಳ್ಳುತ್ತದೆ. ಇದರ ಹೊಸ ಆವೃತ್ತಿಯು ನೋಡಲು ಮಾತ್ರ, ತಿದ್ದಲು 0.28ರವರೆಗಿನ ಹಳೆಯ ಆವೃತ್ತಿ ಬೇಕು. ಡಿ.ಎಕ್ಸ್.ಇ. ಡ್ರೈವರುಗಳಿರುವ ಸಂಪುಟವನ್ನು ಹುಡುಕಿ, ಅದರ ಕೊನೆಯ ಡ್ರೈವರಿನ ನಂತರ ಎನ್.ವಿ.ಎಂ.ಇ. ಡ್ರೈವರನ್ನು ಸೇರಿಸಿ ಉಳಿಸಬೇಕು. ಅಲ್ಲಿ ಜಾಗವಿಲ್ಲದಿದ್ದರೆ ಡ್ರೈವರಿನ ಇನ್ನೂ ಚಿಕ್ಕ ರೂಪವನ್ನು ಬಳಸುವುದುಂಟು. ಜಾಗ ಮಾಡಲೆಂದು ಬೇರಾವುದೋ ಡ್ರೈವರನ್ನು ಕಿತ್ತುಹಾಕುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಾಗದ ಮಾರ್ಗ. ಉಳಿಸಿದ ಮೇಲೆ ಹೊಸ ಕಡತವನ್ನೂ ಮೂಲವನ್ನೂ ಅಕ್ಕಪಕ್ಕದಲ್ಲಿ ತೆರೆದು, ಹೊಸ ತಗಡೊಂದನ್ನು ಬಿಟ್ಟು ಉಳಿದೆಲ್ಲ ತಮ್ಮ ತಮ್ಮ ಸ್ಥಾನದಲ್ಲಿಯೇ ಇವೆಯೇ ಎಂದು ನೋಡಬೇಕು. ತಗಡುಗಳ ನಡುವೆ ಸ್ಥಾನ ಕಾಯ್ದುಕೊಳ್ಳಲೆಂದು ಪ್ಯಾಡ್ ಫೈಲ್ ಎಂಬ ಖಾಲಿ ತುಣುಕುಗಳಿರುತ್ತವೆ. ಸೇರಿಸುವಾಗ ತಂತ್ರಾಂಶವು ಅವುಗಳನ್ನು ಕೆಲವೊಮ್ಮೆ ಕಳೆದುಬಿಡುತ್ತದೆ ಅಥವಾ ಇಲ್ಲದ ಕಡೆ ಹುಟ್ಟಿಸಿಬಿಡುತ್ತದೆ. ಯಂತ್ರಗಳು ನಿರ್ಜೀವವಾಗುವ ಪ್ರಕರಣಗಳಿಗೆ ಇದು ಒಂದು ಮುಖ್ಯ ಕಾರಣ. ಪ್ಯಾಡ್ ಫೈಲುಗಳು ಬದಲಾಗಿದ್ದರೆ ಆ ಕಡತವನ್ನು ಎಸೆದು ಬೇರೆ ಉಪಕರಣದಿಂದ ಮತ್ತೆ ಪ್ರಯತ್ನಿಸಬೇಕು.

ಬರೆಯುವ ಕೆಲಸ ನಿಮಿಷಗಳದ್ದು. ಆ ನಿಮಿಷಗಳಲ್ಲಿ ವಿದ್ಯುತ್ತು ಹೋಗಬಾರದು. ನಮ್ಮ ಸೀಮೆಯಲ್ಲಿ ಈ ಎಚ್ಚರಿಕೆಯನ್ನು ಎರಡು ಸಲ ಹೇಳಬೇಕಾಗಿಲ್ಲ, ಯು.ಪಿ.ಎಸ್. ಇಲ್ಲದೆ ಆರಂಭಿಸತಕ್ಕದ್ದಲ್ಲ. ಬರೆದಾದ ಮೇಲೆ ಮತ್ತೆ ಓದಿ, ಬರೆಯಲು ಕೊಟ್ಟ ಕಡತದೊಡನೆ ತಾಳೆ ನೋಡಬೇಕು. ಆರಂಭದ ಪಟ್ಟಿಯಲ್ಲಿ ಹೊಸ ಸಾಧನವು ತನ್ನ ಹೆಸರಿನಿಂದ ಕಾಣದೆ ಕೆಲವು ಯಂತ್ರಗಳಲ್ಲಿ ಪಾಟಾ ಎಂಬ ಹಳೆಯ ಹೆಸರಿನಿಂದ ಕಾಣಿಸಿಕೊಳ್ಳುವುದುಂಟು. ಗಾಬರಿಪಡಬೇಕಾಗಿಲ್ಲ, ಹಳೆಯ ಬಯಾಸಿಗೆ ಹೊಸ ಅತಿಥಿಯ ಹೆಸರು ತಿಳಿಯದು ಅಷ್ಟೆ. ಆಪರೇಟಿಂಗ್ ಸಿಸ್ಟಂ ಅನ್ನು ಯು.ಇ.ಎಫ್.ಐ. ಕ್ರಮದಲ್ಲಿ, ಜಿ.ಪಿ.ಟಿ. ವಿಭಾಗಪಟ್ಟಿಯೊಡನೆ ಪ್ರತಿಷ್ಠಾಪಿಸಬೇಕು. ಲಿನಕ್ಸಿನಲ್ಲಿ ಎನ್.ವಿ.ಎಂ.ಇ. ಡ್ರೈವರು 2012ರ 3.3ನೆಯ ಆವೃತ್ತಿಯಿಂದಲೇ ಇದೆ. ವಿಂಡೋಸ್ 7ರಲ್ಲಿ ಅದು ಮೂಲದಲ್ಲಿ ಇರಲಿಲ್ಲ.

ಇದು ಎಲ್ಲ ಯಂತ್ರಗಳಿಗೂ ಸಲ್ಲುವ ಮಾತಲ್ಲ. ಯು.ಇ.ಎಫ್.ಐ. ಬರುವುದಕ್ಕೆ ಮುಂಚಿನ, ಕೋರ್ 2 ಕಾಲದ ಯಂತ್ರಗಳಲ್ಲಿ ಡಿ.ಎಕ್ಸ್.ಇ. ಹಂತವೇ ಇಲ್ಲದ್ದರಿಂದ ಈ ತಗಡನ್ನು ಪೋಣಿಸಲು ಬಳೆಯೇ ಇಲ್ಲ. ಇನ್ನೊಂದು ತುದಿಯಲ್ಲಿ, ಇಂಟೆಲ್ ಕಂಪನಿಯು 2013ರ ನಾಲ್ಕನೆಯ ತಲೆಮಾರಿನ ಸಂಸ್ಕಾರಕಗಳೊಡನೆ ಬೂಟ್ ಗಾರ್ಡ್ ಎಂಬ ವ್ಯವಸ್ಥೆಯನ್ನು ತಂದಿತು. ತಯಾರಕನು ಬಯಸಿದರೆ ತನ್ನ ಕೀಲಿಯ ಗುರುತನ್ನು ಸಿಲಿಕಾನಿನಲ್ಲಿಯೇ ಸುಟ್ಟು ಶಾಶ್ವತಗೊಳಿಸಬಹುದು. ಆಮೇಲೆ ಬರಹವನ್ನು ತಿದ್ದಿದರೆ ಮುದ್ರೆ ತಾಳೆಯಾಗದೆ ಸಂಸ್ಕಾರಕವು ಮುಂದುವರಿಯುವುದಿಲ್ಲ. ಕಳ್ಳಬರಹವನ್ನು ತಡೆಯಲು ಇದು ಒಳ್ಳೆಯ ಉಪಾಯವೆಂಬುದನ್ನು ಅಲ್ಲಗಳೆಯಲಾಗದು, ಸಿ.ಐ.ಎಚ್.ನಂತಹ ಹಾವಳಿಗಳನ್ನು ಕಂಡವರು ಇದನ್ನು ಬೇಡವೆನ್ನಲಾರರು. ಆದರೆ ಹಣಕೊಟ್ಟು ಕೊಂಡ ಯಂತ್ರದ ಮೊದಲ ಮಾತನ್ನು ತಿದ್ದುವ ಅಧಿಕಾರ ಕೊಂಡವನಿಗೆ ಇಲ್ಲದೆ ಮಾರಿದವನಲ್ಲಿಯೇ ಉಳಿಯಿತು. ತಾಮ್ರಶಾಸನದಲ್ಲಿ ದಾನಕೊಟ್ಟ ಅರಸನು ಭೂಮಿಯನ್ನು ಪಡೆದವನ ಕೈಗೇ ತಗಡುಗಳನ್ನು ಒಪ್ಪಿಸುತ್ತಿದ್ದನೆಂಬುದು ಇಲ್ಲಿ ನೆನಪಿಗೆ ಬರುತ್ತದೆ. ಆಪ್ಟಿಪ್ಲೆಕ್ಸ್ 7010 ಮೂರನೆಯ ತಲೆಮಾರಿನದಾದ್ದರಿಂದ ಈ ಮುದ್ರೆಯ ತೊಡಕಿಲ್ಲ. ಅದಕ್ಕೆ ಕೋರ್‌ಬೂಟ್ ಆಧಾರಿತವಾದ, ಡಶಾರೊ ಎಂಬ ಸಂಪೂರ್ಣ ಪರ್ಯಾಯ ಫರ್ಮ್‌ವೇರೂ ದೊರೆಯುತ್ತದೆ.

ಇಷ್ಟನ್ನು ವಿವರಿಸಿದ ಮೇಲೆ ಶಾಲೆಯ ಗಣಕ ಕೊಠಡಿಯ ಹೊಣೆ ಹೊತ್ತವರು ಕೇಳುವ ಪ್ರಶ್ನೆ ಸರಳವಾದುದು: ನಾವು ಇದನ್ನು ಮಾಡಬೇಕೇ? ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಒಂಬತ್ತು ಯಂತ್ರಗಳಿಗೆ ಬೇಡ. ಸಾಟಾ ಎಸ್.ಎಸ್.ಡಿ. ಇಂದಿಗೂ ದೊರೆಯುತ್ತದೆ, ಹಳೆಯ ಬಯಾಸ್ ಅದನ್ನು ಹಾರ್ಡ್ ಡಿಸ್ಕೆಂದೇ ಭಾವಿಸಿ ಸ್ವೀಕರಿಸುತ್ತದೆ. ಹತ್ತು ಮಿಲಿಸೆಕೆಂಡಿನಿಂದ ಮಿಲಿಸೆಕೆಂಡಿನ ಹತ್ತನೆಯ ಭಾಗಕ್ಕೆ ಇಳಿಯುವ ಲಾಭವೆಲ್ಲ ಅದರಲ್ಲಿಯೇ ದೊರಕಿಬಿಡುತ್ತದೆ. ಸೆಕೆಂಡಿಗೆ 550 ಮೆಗಾಬೈಟಿರಲಿ 2000 ಮೆಗಾಬೈಟಿರಲಿ, ಪಾಠ ಟೈಪಿಸುವ ಹುಡುಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ದಾನವಾಗಿ ಬಂದ ಎನ್.ವಿ.ಎಂ.ಇ. ಪಟ್ಟಿಗಳು ಕೈಯಲ್ಲಿದ್ದು ಸಾಟಾ ಕೊಳ್ಳಲು ಹಣವಿಲ್ಲವೆಂದಾದರೆ ಬಯಾಸನ್ನು ಮುಟ್ಟದ ಮತ್ತೊಂದು ಉಪಾಯವಿದೆ. ಲಿನಕ್ಸಿನ ಆರಂಭದ ಭಾಗವನ್ನು ಮಾತ್ರ ಒಂದು ಪೆನ್‌ಡ್ರೈವಿನಲ್ಲಿ ಅಥವಾ ಹಳೆಯ ಹಾರ್ಡ್ ಡಿಸ್ಕಿನ ಮೂಲೆಯಲ್ಲಿಟ್ಟು, ಉಳಿದುದನ್ನೆಲ್ಲ ಎನ್.ವಿ.ಎಂ.ಇ. ಪಟ್ಟಿಯಲ್ಲಿಡುವುದು. ಬಯಾಸು ತಾನು ಬಲ್ಲ ಪೆನ್‌ಡ್ರೈವಿನಿಂದ ಲಿನಕ್ಸಿನ ತಿರುಳನ್ನು ಎತ್ತುತ್ತದೆ, ತಿರುಳಿಗೆ ಎನ್.ವಿ.ಎಂ.ಇ. ಭಾಷೆ ತಾನಾಗಿಯೇ ಗೊತ್ತಿದೆ. ಕೋರ್ 2 ಕಾಲದ ಯಂತ್ರಕ್ಕೂ, ಬೂಟ್ ಗಾರ್ಡಿನ ಮುದ್ರೆಯುಳ್ಳ ಯಂತ್ರಕ್ಕೂ ಇದು ನಡೆಯುತ್ತದೆ. ಪೆನ್‌ಡ್ರೈವನ್ನು ಯಾರೂ ಕೀಳದಂತೆ ಪೆಟ್ಟಿಗೆಯ ಒಳಗಿನ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವುದು ಲೇಸು. ಬಯಾಸ್ ತಿದ್ದುಪಡಿಗೆ ಉಳಿದ ಆ ಒಂದು ಯಂತ್ರವನ್ನು ಮೀಸಲಿಡಿ: ದೊಡ್ಡ ತರಗತಿಯ ವಿದ್ಯಾರ್ಥಿಗಳ ಎದುರು, ಕಲಿಕೆಗಾಗಿ, ಹೋದರೆ ಹೋಗಲಿ ಎನ್ನಬಹುದಾದ ಯಂತ್ರದ ಮೇಲೆ.

ತಿದ್ದಿದ ಯಂತ್ರವಾದರೂ ವಿಂಡೋಸ್ 11ರ ಅರ್ಹತೆಯನ್ನು ಪಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕೆ ಬೇರೆಯೇ ಷರತ್ತುಗಳಿವೆ, ಮೂರನೆಯ ತಲೆಮಾರಿನ ಸಂಸ್ಕಾರಕ ಆ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆದ್ದರಿಂದ ಈ ಯಂತ್ರಗಳ ಮುಂದಿನ ಬಾಳು ಲಿನಕ್ಸಿನಲ್ಲಿಯೇ ಎಂದು ತಿಳಿಯುವುದು ವಾಸ್ತವಕ್ಕೆ ಹತ್ತಿರ. ಕನ್ನಡ ಟೈಪಿಂಗ್ ಏನಾಗುವುದೆಂಬ ಚಿಂತೆ ಅಧ್ಯಾಪಕರಲ್ಲಿ ಸಹಜ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ಲಭ್ಯವಿರುವುದರಿಂದ, ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದುದು ಅಲ್ಪ.

ಗುಜರಿಯ ದಾರಿಯ ಬಗ್ಗೆ ಕೋಲಾರ ಜಿಲ್ಲೆಯವರಿಗೆ ಒಂದು ಮಾತು. 2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಯ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಚಿನ್ನವಿತ್ತು. ಒಂದು ಟನ್ ಗಣಕದ ಹಲಗೆಗಳಲ್ಲಿ ಅದಕ್ಕಿಂತ ಹೆಚ್ಚು ಚಿನ್ನವಿದೆ. ಆ ಆಸೆಗೇ ಹಿತ್ತಿಲುಗಳಲ್ಲಿ ಹಲಗೆಗಳನ್ನು ಆಮ್ಲದಲ್ಲಿ ಅದ್ದಿ, ಸೀಸ ಮೊದಲಾದ ವಿಷಗಳನ್ನು ಚರಂಡಿಗೆ ಬಿಡುವವರಿದ್ದಾರೆ. ಯಂತ್ರ ನಿಜವಾಗಿಯೂ ಸತ್ತಾಗ ಅದನ್ನು ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಬೇಕು. ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರ ಸಂಸ್ಥೆ ಈ ದೇಶದಲ್ಲಿ ಇಂತಹ ಕೆಲಸಕ್ಕೆ ಮೊದಲಿಗರಲ್ಲೊಂದು. ಸಾಯದ ಯಂತ್ರವನ್ನು ಅಲ್ಲಿಗೂ ಕಳಿಸುವ ಅಗತ್ಯವಿಲ್ಲ.

ಬಯಾಸ್ ತಿದ್ದುವ ನಿರ್ಧಾರ ಮಾಡಿದವರು ಮೂಲ ಪ್ರತಿಯನ್ನು ಆ ಯಂತ್ರದ ಕ್ರಮಸಂಖ್ಯೆಯನ್ನೇ ಹೆಸರಾಗಿಟ್ಟು ಎರಡು ಬೇರೆ ಬೇರೆ ಕಡೆ ಉಳಿಸಿಡಬೇಕು. ಪೆಟ್ಟಿಗೆಯ ಒಳಮೈಯಲ್ಲಿ ಒಂದು ಚೀಟಿ ಅಂಟಿಸಿ, ಯಾವ ದಿನ, ಯಾವ ಆವೃತ್ತಿಯ ಬಯಾಸಿಗೆ, ಯಾವ ಡ್ರೈವರನ್ನು ಸೇರಿಸಲಾಯಿತೆಂದು ಬರೆಯಬೇಕು. ತಯಾರಕರ ಹೊಸ ಬಯಾಸ್ ಬಂದಿದೆಯೆಂದು ಮುಂದೆ ಯಾರಾದರೂ ಅದನ್ನು ಹಾಕಿದರೆ ಸೇರಿಸಿದ ತಗಡು ಅಳಿದುಹೋಗಿ, ಯಂತ್ರ ಮತ್ತೆ ಪಟ್ಟಿಯನ್ನು ಗುರುತಿಸದೆ ನಿಲ್ಲುತ್ತದೆ. ಆಗ ಕೊಠಡಿಯ ಹೊಣೆ ಹೊತ್ತಿರುವವರು ಬೇರೆಯವರಾಗಿರಬಹುದು. ಅವರಿಗೆ ಕಾರಣ ತಿಳಿಯುವುದು ಆ ಚೀಟಿಯಿಂದಲೇ.